ಬೀಗದ ಕೈ ಕೊಡುವ ಮುನ್ನ

ಬನ್ನಿ, ಮೊದಲು ಅಡುಗೆಮನೆ ಅಲ್ಲ,
ದೇವರ ಗೂಡೂ ಅಲ್ಲ,
ಈ ಮೆಟ್ಟಿಲ ಕೆಳಗೆ ಬಗ್ಗಿ.
ತಲೆ ಜೋಪಾನ, ನನಗೆ ಎರಡು ಸಲ ತಾಗಿದೆ.
ಇಲ್ಲಿ, ಹಳೇ ಒರಳಿನ ಪಕ್ಕ,
ಕೆಂಪು ಚಕ್ರ ಕಾಣಿಸ್ತಾ?
ಅಂಗೈಯಷ್ಟೇ ಅಗಲ.
ಈ ಮನೆಯ ಯಜಮಾನ ಅದೇ.
ಬಾಡಿಗೆ ಇಸಕೊಳ್ಳುವವರು ಬೇರೆ.

ಬೀದಿಯ ನೀರು ಇದರಲ್ಲಿ ಬರುತ್ತೆ.
ಬಲಕ್ಕೆ ತಿರುಗಿಸಿದರೆ ಬಂದ್.
ಬಲಕ್ಕೆ. ರಾತ್ರಿ ಮೂರಕ್ಕೆ
ಬಲ ಯಾವುದೆಂದು ಮರೆತುಹೋಗುತ್ತೆ;
ಕತ್ತರಿ ಹಿಡಿಯೋ ಕೈ, ಕತ್ತರಿ ಹಿಡಿಯೋ ಕೈ
ಅಂತ ಬೆರಳು ಮಡಿಸಿ ನೋಡಿಕೊಂಡವಳು ನಾನು.

ಇಟ್ಟಿಗೆಗೂಡಿನಲ್ಲಿ ಸಿಂಹ ಕೂಗುವುದು ಮಾಮೂಲು.
ಹೊಸಬರು ಮೊದಲ ವಾರ ಎದ್ದು ಕೂರುತ್ತಾರೆ,
ಎರಡನೇ ವಾರ ಮಗ್ಗುಲಾಗುತ್ತಾರೆ.
ಅವತ್ತಿನ ಸದ್ದು ಬೇರೆ,
ಯಾರೋ ಮೊರಕ್ಕೆ ಒಂದೇ ಸಮ ಅಕ್ಕಿ ಸುರಿದ ಹಾಗೆ.
ಕಾಲು ಕೆಳಗಿಟ್ಟೆ.
ನೆಲ ಸಿಗುವ ಮೊದಲು ನೀರು ಸಿಕ್ಕಿತು.

ಆಷಾಢದ ಕೊನೆ. ಮುಂದೆ ಸಾಲು ಮದುವೆ.
ಚಾಪೆಯ ಮೇಲೆ ಹದಿನೇಳು ಬ್ಲೌಸು,
ಕೊಕ್ಕೆ ಹಾಕುವುದಷ್ಟೇ ಬಾಕಿ.
ಅದನ್ನು ಎತ್ತುವುದು ಬಿಟ್ಟು
ಒಡೆದ ಪೈಪಿಗೆ ಅಂಗೈ ಒತ್ತಿ ನಿಂತೆ ನೋಡಿ,
ಬಿಟ್ಟರೆ ಮುಖಕ್ಕೆ ಚಿಮ್ಮುತ್ತೆ,
ಹಿಡಿದರೆ ಮೊಣಕೈಯಿಂದ ಇಳಿಯುತ್ತೆ,
ಕಾಲು ಗಂಟೆ, ಬೆಪ್ಪುತಕ್ಕಡಿ ಥರ,
ಸಾಕು ಮಾರಾಯ್ತಿ ಅಂತ ಕಾವೇರಿಗೆ ಹೇಳುತ್ತಾ.

ನೀವು ಹಾಗೆ ನಿಲ್ಲಬೇಡಿ.
ಮೊದಲು ಮೇನ್ ಸ್ವಿಚ್ಚು, ಒಣ ಚಪ್ಪಲಿ, ಒಣ ಕೈ.
ಬೋರ್ಡಿನ ಬುಡ ಒದ್ದೆಯಾಗಿದ್ದರೆ ಮುಟ್ಟಲೇಬೇಡಿ,
ಹೊರಗೆ ಬಂದು ಕೂಗಿ.
ನನ್ನ ಮಿಷನ್ನಿನ ಮೋಟರು ನೀರಲ್ಲೇ ಕೂತಿತ್ತು,
ಪ್ಲಗ್ಗು ಕಿತ್ತಿಟ್ಟಿದ್ದೆ ಅನ್ನುವುದು
ಯಾವ ಜನ್ಮದ ಪುಣ್ಯವೋ.

ಅಷ್ಟರಲ್ಲಿ ಕೆಳಗಿಂದ ಟಕ್ ಟಕ್ ಟಕ್.
ರೆಜಿನಾ ಟೀಚರ ಕೋಲು.
ಮಿಷನ್ ಸದ್ದಿಗೆ ಜಗಳವಾಗಿ ಎಂಟು ತಿಂಗಳು,
ನಮ್ಮಿಬ್ಬರ ಮಧ್ಯೆ ಇದ್ದ ಮಾತು ಅದೊಂದೇ.
ಮಿಷನ್ ಓಡ್ತಿಲ್ಲ ಟೀಚರ್, ಅಂತ ಬಾಗಿಲು ತೆಗೆದರೆ
ಛತ್ರಿ ಬಿಚ್ಚಿಕೊಂಡು ನಿಂತಿದ್ದರು,
ತಮ್ಮ ನಡುಮನೆಯಿಂದ ನೇರ ಬಂದವರು,
ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.
"ಒರಳು ಸರಿಸಬೇಕು. ನನ್ನೊಬ್ಬಳ ಕೈಲಿ ಆಗಲ್ಲ."

ಆಗ ಒರಳು ಚಕ್ರದ ಮುಂದೆಯೇ ಇತ್ತು.
ಯಾರಜ್ಜಿ ರುಬ್ಬಿದ್ದೋ, ಆನೆ ಭಾರ.
ಭುಜಕ್ಕೆ ಭುಜ ಕೊಟ್ಟು ನೂಕಿದೆವು,
ಒಂದು ಗೇಣು. ಅಷ್ಟು ಸಾಕಾಯಿತು.
ಚಕ್ರ ಕಚ್ಚಿಕೊಂಡಿತ್ತು, ಅವರು ಸೆರಗು ಸುತ್ತಿ ತಿರುಗಿಸಿದರು.
ಸಿಂಹ ಮತ್ತೆ ಕೇಳಿಸಿತು.

ಆಮೇಲೆ ಅವರ ಮನೆಗೆ ಇಳಿದರೆ
ಹೊಸ ಸೀಲಿಂಗು ಬಸುರಿಯಂತೆ ಹೊಟ್ಟೆ ಬಿಟ್ಟಿತ್ತು.
ಬಕೆಟ್ಟಿಟ್ಟು, ತಾವು ದೂರ ನಿಂತು,
ಛತ್ರಿಯ ಮೊನೆಯಿಂದ ಒಂದೇ ತೂತು.
ಹಾಗೇ ಮಾಡಬೇಕಂತೆ,
ಇಲ್ಲದಿದ್ದರೆ ಇಡೀ ಹಲಗೆ ತಲೆ ಮೇಲೆ.
ನಲವತ್ತು ಸಾವಿರ ಕೊಟ್ಟು ಮಾಡಿಸಿದ್ದು.
ಚುಚ್ಚುವಾಗ ಅವರು ನನ್ನ ಕಡೆ ನೋಡಲಿಲ್ಲ.

ಬಚ್ಚಲಿನ ಕಡೆ ಒಡೆದರೆ ಈ ಚಕ್ರ ಅಲ್ಲ,
ತಾರಸಿಯ ಟ್ಯಾಂಕಿನ ಬುಡದಲ್ಲಿ ನೀಲಿ ಹಿಡಿ.
ಎಲ್ಲಿ ಒಡೆದಿದೆ ತಿಳಿಯದಿದ್ದರೆ ಎರಡನ್ನೂ.
ಆ ಮೊಳೆಗೆ ಸೈಕಲ್ ಟ್ಯೂಬಿನ ತುಂಡಿದೆ, ಬಿಸಾಡಬೇಡಿ.
ಎಳೆದೆಳೆದು ಸುತ್ತಿ, ಜಡೆ ಹೆಣೆದಂತಲ್ಲ,
ಸೌದೆ ಹೊರೆ ಕಟ್ಟಿದಂತೆ.
ಪ್ಲಂಬರ್ ದೊಡ್ಡಸ್ವಾಮಿಯ ನಂಬರು ಬಾಗಿಲ ಹಿಂದೆ ಬರೆದಿದ್ದೇನೆ.
"ಹತ್ತೇ ನಿಮಿಷ ಅಕ್ಕಾ" ಅಂದರೆ ಹನ್ನೊಂದು ಗಂಟೆ ಅಂತ ತಿಳಿಯಿರಿ.

ಬ್ಲೌಸಾ? ಕುಂಕುಮದ ಕೆಂಪು ಕೆನೆಬಣ್ಣಕ್ಕೆ ಹತ್ತಿತ್ತು.
ಬೆಳಗಾದ ಮೇಲೆ ಹದಿನೇಳು ಫೋನು ಮಾಡಿದೆ.
ಅದನ್ನೆಲ್ಲ ಈಗ ಯಾಕೆ.

ಟೀಚರೇನೂ ಜೀವದ ಗೆಳತಿ ಆಗಲಿಲ್ಲ.
ಹತ್ತರ ಮೇಲೆ ಮಿಷನ್ ಓಡಿದರೆ
ಈಗಲೂ ಮೂರು ಟಕ್.
ಒಂದೇ ಟಕ್ ಬಂದರೆ ಬೇರೆ ಅರ್ಥ:
ನೀರು ಬಂತು, ಹಿಡಕೋ.
ನಿಮಗೂ ಕುಟ್ಟುತ್ತಾರೆ, ಹೇಳಿದ್ದೇನೆ.

ತಿಂಗಳಿಗೊಮ್ಮೆ ಎರಡು ತೊಟ್ಟು ಮಿಷನ್ ಎಣ್ಣೆ ಬಿಟ್ಟು
ಸುಮ್ಮನೆ ತಿರುಗಿಸಿ ನೋಡಿ.
ಎಲ್ಲಿ, ಈಗ ಒಂದು ಸಲ ನೀವೇ ಮಾಡಿ,
ನಾನು ನೋಡುತ್ತೇನೆ.

ಅಲ್ಲ, ಅದು ಎಡ.